ಸಂಜೆಯ ಕೊನೆಯ ಬಸ್ಸು

ಕೊಳ್ಳೇಗಾಲಕ್ಕೆ ರೈಲು ಬರುತ್ತದೆಂಬ ಮಾತನ್ನು ನಾವು ಮಠದಲ್ಲಿ ಓದುತ್ತಿದ್ದ ಕಾಲದಿಂದಲೂ ಕೇಳುತ್ತ ಬಂದಿದ್ದೇವೆ. ಈಗ ನಮಗೆ ಅರವತ್ತು ದಾಟಿದೆ. ರೈಲು ಮಾತ್ರ ಬಂದಿಲ್ಲ. ಬೆಂಗಳೂರು–ಸತ್ಯಮಂಗಲ ಮಾರ್ಗವು 1996-97ರ ರೈಲ್ವೆ ಮುಂಗಡಪತ್ರದಲ್ಲಿ ಸೇರಿದಾಗ ಈ ಭಾಗದ ಜನ ಹಿಗ್ಗಿದ್ದುಂಟು. ತಮಿಳುನಾಡಿನ ಕಡೆಯ ಅರಣ್ಯದ ತೊಡಕಿನಿಂದ ಅದು ಮೊಟಕಾಗಿ, ಹೆಜ್ಜಾಲದಿಂದ ಕನಕಪುರ, ಮಳವಳ್ಳಿ, ಕೊಳ್ಳೇಗಾಲ, ಯಳಂದೂರುಗಳ ಮೇಲೆ ಚಾಮರಾಜನಗರವನ್ನು ಮುಟ್ಟುವ 142 ಕಿಲೋಮೀಟರುಗಳ ಯೋಜನೆಯಾಗಿ ಉಳಿಯಿತು. ರೈಲು ಹತ್ತಬೇಕೆನ್ನುವ ಕೊಳ್ಳೇಗಾಲದವರು ಮೊದಲು ಬಸ್ಸು ಹತ್ತಿ ಚಾಮರಾಜನಗರಕ್ಕೋ ಮೈಸೂರಿಗೋ ಹೋಗಬೇಕು. ಆದುದರಿಂದ ಬಸ್ಸಿನ ಮಾತನ್ನೇ ಆಡುವುದು ಲೇಸು.

ಈ ಮೂರು ಊರುಗಳು ಅಕ್ಕಪಕ್ಕದಲ್ಲಿದ್ದರೂ ಬಹುಕಾಲ ಬೇರೆ ಬೇರೆ ದಿಕ್ಕಿಗೆ ಮುಖ ಮಾಡಿದ್ದವು. ಯಳಂದೂರು ದಿವಾನ್ ಪೂರ್ಣಯ್ಯನವರ ಮನೆತನದ ಜಹಗೀರು. ಹನೂರನ್ನೊಳಗೊಂಡ ಕೊಳ್ಳೇಗಾಲ ತಾಲ್ಲೂಕು 1956ರವರೆಗೆ ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. 1997ರಲ್ಲಿ ಚಾಮರಾಜನಗರ ಜಿಲ್ಲೆಯಾಯಿತು. 2017ರ ರಾಜ್ಯ ಮುಂಗಡಪತ್ರದಲ್ಲಿ ಹನೂರನ್ನೂ ತಾಲ್ಲೂಕೆಂದು ಘೋಷಿಸಿದರು. ಕಚೇರಿಗಳು ಬಂದವು, ಫಲಕಗಳು ಬಂದವು. ಕಚೇರಿಗೆ ಬಂದವನು ಕತ್ತಲಾಗುವ ಮುನ್ನ ತನ್ನ ಹಳ್ಳಿಗೆ ಮರಳುವುದು ಹೇಗೆಂಬುದನ್ನು ಮಾತ್ರ ಯಾರೂ ಅಷ್ಟಾಗಿ ಯೋಚಿಸಿದಂತೆ ತೋರಲಿಲ್ಲ.

ಹನೂರಿನಿಂದ ಒಳಗಿರುವ ಒಂದು ಹಳ್ಳಿಯಲ್ಲಿ ನಮಗೆ ಪರಿಚಯದ ಒಂದು ಮನೆಯಿದೆ. ಆ ಮನೆಯ ಹಿರಿಯ ಮಗಳು ಕೊಳ್ಳೇಗಾಲದಲ್ಲಿ ಪದವಿ ತರಗತಿಗೆ ಸೇರಿದ್ದಳು. ತರಗತಿ ಮುಗಿಯುತ್ತಿದ್ದುದು ನಾಲ್ಕೂಕಾಲಿಗೆ. ಹನೂರಿಗೆ ಇಪ್ಪತ್ತೈದು ಕಿಲೋಮೀಟರು. ತುಂಬಿದ ಬಸ್ಸಿನಲ್ಲಿ ನೇತಾಡಿಕೊಂಡು ಬಂದಿಳಿಯುವಾಗ ಐದೂಕಾಲು ಮೀರುತ್ತಿತ್ತು. ಅವಳ ಹಳ್ಳಿಯ ಬಸ್ಸು ಐದಕ್ಕೇ ಹೊರಟುಹೋಗಿರುತ್ತಿತ್ತು. ಮುಂದಿನದು ರಾತ್ರಿ ಎಂಟಕ್ಕೆ, ಅದೂ ಬಂದರೆ ಬಂತು. ತಂದೆ ಕೂಲಿ ಬಿಟ್ಟು ಎಷ್ಟು ದಿನ ದಾರಿ ಕಾದಾನು? ಎರಡನೆಯ ವರ್ಷದ ನಡುವೆ ಅವಳು ಓದು ಬಿಟ್ಟಳು. ನಾವು ಕಾರಣ ಕೇಳಿದಾಗ ಆ ತಾಯಿ, "ಓದ್ಸೋಕೇನೂ ಬ್ಯಾಸ್ರಿಕೆ ಇಲ್ಲ ಬುದ್ಧಿ, ಕತ್ಲಾದ್ಮೇಲೆ ದಾರಿ ಕಾಯಕಾಗಕಿಲ್ಲ" ಎಂದಳು. ನಮ್ಮಲ್ಲಿ ಉತ್ತರವಿರಲಿಲ್ಲ.

2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ಟಿನ ಹಣದ ಚಿಂತೆ ತಪ್ಪಿದೆ. ಕೂಲಿಗೆ ಹೋಗುವ ತಾಯಂದಿರಿಗೆ ಅದು ಸಣ್ಣ ಉಪಕಾರವಲ್ಲ. ಅದನ್ನು ಹಗುರವಾಗಿ ಮಾತನಾಡುವವರ ಗುಂಪಿಗೆ ನಾವು ಸೇರಿದವರಲ್ಲ. ಆದರೆ ಬಿಟ್ಟಿ ಟಿಕೆಟ್ಟು ಹೊರಟುಹೋದ ಬಸ್ಸನ್ನು ಹಿಂದಕ್ಕೆ ಕರೆಯಲಾರದು.

ಅಮಾವಾಸ್ಯೆ, ಶಿವರಾತ್ರಿ, ದೀಪಾವಳಿಗಳಲ್ಲಿ ಮಾದಪ್ಪನ ಬೆಟ್ಟಕ್ಕೆ ಹೆಚ್ಚು ಬಸ್ಸುಗಳನ್ನು ಬಿಡುತ್ತಾರೆ. ಬಿಡಬೇಕಾದುದೇ, ನಾವೂ ಅವುಗಳಲ್ಲಿ ಹೋಗಿಬಂದವರು. ಆದರೆ ಅದೇ ದಿನ ಹಳ್ಳಿಯ ಬಸ್ಸು ಬಾರದೆ, ಶಾಲೆಯ ಮಕ್ಕಳು ಚೀಲ ಹೊತ್ತು ನಡೆದು ಬರುವುದನ್ನು ಹಲವು ಬಾರಿ ಕಣ್ಣಾರೆ ಕಂಡಿದ್ದೇವೆ. ಭಕ್ತರನ್ನು ಬೆಟ್ಟಕ್ಕೆ ಮುಟ್ಟಿಸಲು ಮಕ್ಕಳನ್ನು ಬೀದಿಯಲ್ಲಿ ಬಿಡುವುದು ಮಾದಪ್ಪನಿಗೂ ಒಪ್ಪಿತವಾಗಲಾರದು.

ಒಳದಾರಿಗಳಿಗೆ ದೊಡ್ಡ ಬಸ್ಸು ಹೋಗದೆಂಬ ಸಬೂಬನ್ನು ಕೇಳಿ ಕೇಳಿ ಸಾಕಾಗಿದೆ. ಬೆಟ್ಟದ ಸುತ್ತಲಿನ ಕಾಡಂಚಿನ ಹಳ್ಳಿಗಳಲ್ಲಿ ರೋಗಿಗಳನ್ನು ಡೋಲಿ ಕಟ್ಟಿ ಹೊತ್ತು ತರುತ್ತಿದ್ದುದು ಎಲ್ಲರಿಗೂ ತಿಳಿದ ಸಂಗತಿ. ಅಂತಹ ಕಡೆಗೆ 2021ರಲ್ಲಿ ಅರಣ್ಯ ಇಲಾಖೆಯೇ 'ಜನ-ವನ ಸಾರಿಗೆ' ಎಂದು ಜೀಪುಗಳನ್ನು ಓಡಿಸಲು ಮುಂದಾಯಿತು. ಕಾಡಿನ ದಾರಿಯಲ್ಲಿ ಜೀಪು ಹೋಗುವುದಾದರೆ, ಹನೂರಿನ ಬಯಲ ಹಳ್ಳಿಗಳಿಗೂ ಯಳಂದೂರಿನ ಬಿಳಿಗಿರಿ ತಪ್ಪಲಿಗೂ ಮಿನಿ ಬಸ್ಸು ಹೋಗಲಾರದೆ?

ಇದಕ್ಕೆ ಮಹಾಯೋಜನೆ ಬೇಡ. ಪ್ರತಿವರ್ಷ ಕಾಲೇಜು ತೆರೆಯುವ ಮುನ್ನ ಪ್ರಾಂಶುಪಾಲರು, ಪಂಚಾಯಿತಿಯವರು, ಡಿಪೋದ ಅಧಿಕಾರಿಗಳು ಒಂದು ಮಧ್ಯಾಹ್ನ ಕೂಡಿ ಕುಳಿತು ಕಾಲೇಜಿನ ಗಂಟೆಗೂ ಬಸ್ಸಿನ ಗಂಟೆಗೂ ಹೊಂದಿಸಲಿ. ಆ ವೇಳಾಪಟ್ಟಿಯನ್ನು ನಿಲ್ದಾಣದ ಗೋಡೆಯ ಮೇಲೆ ಕನ್ನಡದಲ್ಲಿ ದಪ್ಪಕ್ಷರಗಳಿಂದ ಬರೆಸಲಿ. ಹನೂರಿನಿಂದ ಐದಕ್ಕೆ ಹೊರಡುವ ಆ ಒಂದು ಬಸ್ಸು ಐದೂಮುಕ್ಕಾಲಿಗೆ ಹೊರಟರೆ ಸರ್ಕಾರಕ್ಕೆ ಕಾಸಿನ ಖರ್ಚೂ ಇಲ್ಲ. ಓದು ಬಿಟ್ಟ ಹುಡುಗಿಯ ತಂಗಿ ಈಗ ದ್ವಿತೀಯ ಪಿಯುಸಿಯಲ್ಲಿದ್ದಾಳೆ.