ಮೊದಲು ಮುಟ್ಟಿದ್ದು, ಆಮೇಲೆ ವಾಸಿಯಾದದ್ದು

ವಿಶ್ವಾಸವನ್ನು ಧೈರ್ಯವಾಗಿ ಬದುಕಿ ತೋರಿಸಿ ಅಂತ ಚರ್ಚಿನಲ್ಲಿ ಫಾದರ್ ಹೇಳ್ತಾನೇ ಇರ್ತಾರೆ. ದಿನವಿಡೀ ಕೋಡ್ ಬರೆದು ಬಗ್ ಹುಡುಕುವ ನನ್ನಂಥವನಿಗೆ ಅಂಥ ಅವಕಾಶ ಎಲ್ಲಿ ಸಿಗುತ್ತೆ ಹೇಳಿ? ಹೆಚ್ಚೆಂದರೆ ರಿಲೀಸ್ ಇದ್ದರೂ ಗುಡ್ ಫ್ರೈಡೇಗೆ ರಜೆ ಬೇಕು ಅಂತ ಮ್ಯಾನೇಜರ್ ಹತ್ರ ಕೇಳೋದು. ಅದಕ್ಕೂ ಧೈರ್ಯ ಬೇಕು ಬಿಡಿ :)

ಆದರೆ ನಮ್ಮ ಮನೆಗೆ ಈ ಮಾತಿನ ಅರ್ಥ ತಿಳಿಸಿಕೊಟ್ಟಿದ್ದು ಸುಮನಹಳ್ಳಿ. ಮಾಗಡಿ ರಸ್ತೆ ರಿಂಗ್ ರೋಡನ್ನು ಕೂಡುವ ಜಾಗ. ಬಹಳ ಜನಕ್ಕೆ ಅದೊಂದು ಬಸ್ ಸ್ಟಾಪು, ಇಲ್ಲಾ 2019ರಲ್ಲಿ ತೂತು ಬಿದ್ದ ಫ್ಲೈಓವರ್. ಆ ಹೆಸರಿನ ಹಿಂದೆ ಒಂದು ಸಂಸ್ಥೆ ಇದೆ. 1970ರ ದಶಕದ ಕೊನೆಯಲ್ಲಿ ಸರ್ಕಾರ ಜಾಗ ಕೊಟ್ಟು, ಬೆಂಗಳೂರಿನ ಕ್ಯಾಥೊಲಿಕ್ ಮಹಾಧರ್ಮಪ್ರಾಂತ್ಯ ಕುಷ್ಠರೋಗಿಗಳ ಪುನರ್ವಸತಿಗೆ ಅಂತ ಶುರು ಮಾಡಿದ್ದು.

ಕುಷ್ಠ ಈಗ ಪೂರ್ತಿ ವಾಸಿಯಾಗೋ ಕಾಯಿಲೆ. ಹಲವು ಔಷಧಿ ಒಟ್ಟಿಗೆ ಕೊಡುವ ಚಿಕಿತ್ಸೆಯನ್ನು ವಿಶ್ವ ಆರೋಗ್ಯ ಸಂಸ್ಥೆ 1981ರಲ್ಲೇ ಶಿಫಾರಸು ಮಾಡಿತು. ಆರು ತಿಂಗಳೋ ಒಂದು ವರ್ಷವೋ ಮಾತ್ರೆ ತಗೊಂಡರೆ ಮುಗೀತು, ಅದೂ ಪುಕ್ಕಟೆ. ಚಿಕಿತ್ಸೆ ಶುರುವಾದ ಮೇಲೆ ಇನ್ನೊಬ್ಬರಿಗೆ ಹರಡೋದೂ ಇಲ್ಲ. ಆದರೆ ಮುರುಟಿದ ಬೆರಳು ಹಾಗೇ ಉಳಿದುಬಿಡುತ್ತೆ, ಅದನ್ನು ನೋಡಿದವರ ಭಯವೂ. ನಮ್ಮ ಕ್ರೈಸ್ತರ ವಿಚ್ಛೇದನ ಕಾಯ್ದೆಯಲ್ಲೂ, ಹಿಂದೂ ವಿವಾಹ ಕಾಯ್ದೆಯಲ್ಲೂ ಡೈವೋರ್ಸ್ ಕೇಳೋಕೆ ಕುಷ್ಠ ಒಂದು ಕಾರಣವಾಗಿತ್ತು. ಅದನ್ನು ತೆಗೆದುಹಾಕಿದ್ದು 2019ರಲ್ಲಿ!

ನಮ್ಮ ಚರ್ಚಿಗೆ ಅಂಥ ಒಬ್ಬ ಹಿರಿಯರು ಬರ್ತಾರೆ. ಟೈಲರಿಂಗ್ ಕೆಲಸ ಮಾಡ್ತಿದ್ದವರು. ಕೊನೇ ಬೆಂಚು, ಅದರಲ್ಲೂ ತುದಿ. ಅಮ್ಮ ಹೋಗಿ ಅವರ ಪಕ್ಕದಲ್ಲೇ ಕೂತ್ಕೊಳ್ಳೋಳು. ಹೋದ ಕ್ರಿಸ್‌ಮಸ್‌ಗೆ ಅವರನ್ನು ಊಟಕ್ಕೂ ಕರೆದಳು.

ಆಗ ನಾವು ವಿಜಯನಗರದಲ್ಲಿ ಬಾಡಿಗೆಗಿದ್ವಿ. ವಿಷಯ ಹೇಗೋ ಕೆಳಗಡೆ ಮನೆಗೆ ಗೊತ್ತಾಯ್ತು. ಓನರ್ ಅಂಕಲ್ ಮೇಲೆ ಬಂದು, "ಬೇಜಾರು ಮಾಡ್ಕೋಬೇಡಿ ಮೇಡಂ, ನನಗೇನಿಲ್ಲ, ಬೇರೆ ಬಾಡಿಗೆಯವರು ಏನಂದ್ಕೋತಾರೆ..." ಅಂದರು. ಸಂಕ್ರಾಂತಿಗೆ ತಪ್ಪದೆ ಎಳ್ಳುಬೆಲ್ಲ ಕಳಿಸುವ ಮನುಷ್ಯ. ಫೆಬ್ರವರಿಗೆ ಅಗ್ರಿಮೆಂಟ್ ಮುಗೀತಿತ್ತು, ಅದನ್ನೂ ಮೆತ್ತಗೆ ನೆನಪಿಸಿ ಹೋದರು.

"ಊಟ ಕಟ್ಟಿಕೊಂಡು ಹೋಗಿ ಅವರಿಗೆ ಅಲ್ಲೇ ಕೊಟ್ಟು ಬರೋಣ್ವಾ?" ಅಂದರು ಅಪ್ಪ. ಅಮ್ಮ ಈರುಳ್ಳಿ ಹೆಚ್ಚುತ್ತಾನೇ ಹೇಳಿದಳು: "ಯೇಸುಸ್ವಾಮಿ ಆ ಕುಷ್ಠರೋಗೀನ ಮೊದಲು ಮುಟ್ಟಿದ್ರು, ಆಮೇಲೆ ವಾಸಿಯಾಯ್ತು. ಇವರಿಗೆ ವಾಸಿಯಾಗಿ ಮೂವತ್ತು ವರ್ಷ ಆಗಿದೆ. ಇನ್ನೂ ಯಾರೂ ಮುಟ್ಟಲ್ಲ ಅಂದ್ರೆ ಹೆಂಗ್ರೀ?"

ಆ ಕಥೆಯನ್ನು ಚಿಕ್ಕಂದಿನಿಂದ ಕೇಳಿದ್ದೀನಿ. ಯಾವುದು ಮೊದಲು, ಯಾವುದು ಆಮೇಲೆ ಅನ್ನೋದು ಮಾತ್ರ ಅವತ್ತೇ ಹೊಳೆದದ್ದು. ಬೆಳಗ್ಗೆಯಿಂದ ಸಂಜೆವರೆಗೆ ಇಫ್-ಎಲ್ಸ್ ಬರೆಯುವವನಿಗೆ ಅಮ್ಮ ಲಾಜಿಕ್ ಹೇಳಿಕೊಟ್ಟ ಹಾಗಾಯ್ತು!

ಅವರು ಬಂದರು. ಒಗೆದು ಇಸ್ತ್ರಿ ಮಾಡಿದ ಬಿಳಿ ಷರಟು. ನಾವು ಉಣ್ಣುವ ತಟ್ಟೆಯಲ್ಲೇ ಉಂಡರು. ಅಪ್ಪನೂ ಅವರೂ ಸೇರಿ ಬಿನ್ನಿ ಮಿಲ್ ಕಾಲದ ಕಥೆ ತೆಗೆದು ಸಂಜೆ ಮಾಡಿದರು. ಹೊರಡುವಾಗ ಅವರು ದೂರದಿಂದಲೇ ಕೈ ಮುಗಿಯೋಕೆ ಹೋದರು. ನಾನು ಆ ಕೈ ಹಿಡ್ಕೊಂಡು ಮೆಟ್ಟಿಲು ಇಳಿಸಿದೆ. ಕೆಳಗೆ ಓನರ್ ಮನೆ ಕಿಟಕಿ ತೆರೆದೇ ಇತ್ತು.

ಅಗ್ರಿಮೆಂಟ್ ಮುಂದುವರಿಯಲಿಲ್ಲ. ಕಾರಣ ಅವರೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ಮತ್ತೆ ಹತ್ತು ತಿಂಗಳ ಅಡ್ವಾನ್ಸ್ ಹೊಂದಿಸಿ, ಸಾಮಾನು ಕಟ್ಟಿಕೊಂಡು ನಾಗರಭಾವಿ ಕಡೆ ಬಂದ್ವಿ. ಸುಮನಹಳ್ಳಿ ಇನ್ನೂ ಹತ್ತಿರವಾಯ್ತು ಅಂತ ಅಮ್ಮನಿಗೆ ಖುಷಿ.

ಈ ಭಾನುವಾರ ಅವರು ಮತ್ತೆ ಊಟಕ್ಕೆ ಬರ್ತಿದ್ದಾರೆ. ಹೊಸ ಓನರ್‌ಗೆ ಅಮ್ಮ ಮೊದಲೇ ಹೇಳಿಟ್ಟಿದ್ದಾಳೆ.