ಕಾಣದ ಬೆಂಡು

ತೊಂಬತ್ತರ ದಶಕದಲ್ಲಿ ನಿಮ್ಮಲ್ಲಿ ಹಲವರು ಸಂಜೆಯ ಮನೆಪಾಠ ತಪ್ಪಿಸಿ, ಟೀವಿ ಗೇಮ್ ಇದ್ದ ಗೆಳೆಯರ ಮನೆಗಳಲ್ಲಿ ಠಿಕಾಣಿ ಹೂಡುತ್ತಿದ್ದ ಸಂಗತಿ ನನಗೆ ಆಗಲೇ ತಿಳಿದಿತ್ತು. ನಿಮ್ಮನ್ನು ಅಷ್ಟು ಕಾಲ ಹಿಡಿದಿಟ್ಟ ಆ ಮೀಸೆಯ ಮಾರಿಯೋನನ್ನು ನಾನು ಕುಳಿತು ನೋಡಿದ್ದು ಮಾತ್ರ ಈಚೆಗೆ, ಮೊಮ್ಮಗನ ಪಕ್ಕದಲ್ಲಿ. ಮೇಷ್ಟರ ಚಾಳಿ ಎಲ್ಲಿ ಹೋದೀತು? ಆಟದ ಮೊದಲ ಹಂತವನ್ನು ಪಾಠಯೋಜನೆಯಂತೆ ಪರಿಶೀಲಿಸತೊಡಗಿದೆ.

ಜಪಾನಿನ ನಿಂಟೆಂಡೊ ಸಂಸ್ಥೆ 1985ರಲ್ಲಿ ಹೊರತಂದ ‘ಸೂಪರ್ ಮಾರಿಯೋ ಬ್ರದರ್ಸ್’ ಆಟವನ್ನು ರೂಪಿಸಿದವರು ಶಿಗೆರು ಮಿಯಾಮೊಟೊ ಮತ್ತು ತಕಾಶಿ ತೆಜುಕಾ. ಇಡೀ ಆಟ ಅಡಗಿದ್ದು 40 ಕಿಲೋಬೈಟ್‌ಗಳಲ್ಲಿ. ಆಕಾಶದ ಮೋಡ, ನೆಲದ ಪೊದೆ ಎರಡೂ ಒಂದೇ ಚಿತ್ರ. ಬಣ್ಣ ಮಾತ್ರ ಬೇರೆ. ಹೀಗೆ ಮಾಡು, ಹಾಗೆ ಮಾಡು ಎಂದು ಹೇಳುವ ಒಂದು ವಾಕ್ಯವೂ ಆ ಹಂತದಲ್ಲಿ ಕಾಣಿಸುವುದಿಲ್ಲ. ಆದರೂ ಓದು ಬಾರದ ಮಗು ಅದನ್ನು ಕಲಿತುಬಿಡುತ್ತದೆ.

ಮಾರಿಯೋ ತೆರೆಯ ಎಡಭಾಗದಲ್ಲಿ ನಿಂತಿರುತ್ತಾನೆ, ಬಲಗಡೆಯೆಲ್ಲ ಬಯಲು. ಎತ್ತ ಹೋಗಬೇಕೆಂದು ಯಾರೂ ಹೇಳಬೇಕಿಲ್ಲ. ನಾಲ್ಕು ಹೆಜ್ಜೆಗೇ ಗೂಂಬಾ ಎಂಬ ಕುಳ್ಳ ಪ್ರಾಣಿ ಎದುರಾಗುತ್ತದೆ. ಮುಟ್ಟಿದರೆ ಜೀವ ಹೋಯಿತು. ಆದರೆ ಕಳೆದುಕೊಂಡದ್ದು ಆ ನಾಲ್ಕು ಹೆಜ್ಜೆ ಮಾತ್ರ. ಮೊದಲ ತಪ್ಪಿಗೆ ಇಷ್ಟು ಅಗ್ಗದ ಬೆಲೆ ಕಟ್ಟಿದವರು ಮಕ್ಕಳನ್ನು ಬಲ್ಲವರೇ ಇರಬೇಕು. ಮೊದಲ ಎದುರಾಳಿಯಾಗಿ ಆಮೆ ಕಷ್ಟವೆನಿಸಿದ್ದರಿಂದ ಈ ಗೂಂಬಾವನ್ನು ಕಟ್ಟಕಡೆಗೆ ಸೇರಿಸಿದರಂತೆ. ಒಂದೇ ಚಿತ್ರವನ್ನು ಎಡಬಲ ಮಗುಚುತ್ತ ಅದಕ್ಕೆ ನಡಿಗೆ ಕೊಟ್ಟಿದ್ದಾರೆ.

ನಾನು ಬೆರಗಾದದ್ದು ಅಣಬೆಯ ಪ್ರಸಂಗಕ್ಕೆ. ಪ್ರಶ್ನಾರ್ಥಕ ಚಿಹ್ನೆಯ ಪೆಟ್ಟಿಗೆಗೆ ತಲೆ ಕೊಟ್ಟರೆ ಅಣಬೆಯೊಂದು ಹೊರಬರುತ್ತದೆ. ಅದನ್ನು ತಿಂದರೆ ಮಾರಿಯೋ ದೊಡ್ಡವನಾಗುತ್ತಾನೆ. ಆದರೆ ಈಗಷ್ಟೇ ಗೂಂಬಾದಿಂದ ಪೆಟ್ಟು ತಿಂದ ಮಗುವಿಗೆ ಇದೂ ಅದರ ಬಳಗದ್ದೇ ಎಂಬ ಭಯ. ಅಣಬೆ ಮೊದಲು ಬಲಕ್ಕೆ ಜಾರಿ ದೂರ ಹೋಗುತ್ತದೆ. ಅಲ್ಲಿ ಒಂದು ಹಸಿರು ಕೊಳವೆ. ಅದಕ್ಕೆ ತಾಗಿ ಮರಳಿ ಮಾರಿಯೋನತ್ತಲೇ ಬರುತ್ತದೆ. ಗಾಬರಿಯಿಂದ ಹಾರಿ ತಪ್ಪಿಸಿಕೊಳ್ಳಲು ನೋಡಿದರೆ ನೆತ್ತಿಯ ಮೇಲಿನ ಇಟ್ಟಿಗೆ ತಡೆದು ಅಣಬೆಯ ಮೇಲೆಯೇ ಕೆಡವುವ ಸಂಭವವೇ ಹೆಚ್ಚು. ಹೆದರಿ ಓಡಿದವನಿಗೂ ವರ ಸಿಕ್ಕಿತು! ಕೊಳವೆಯನ್ನೂ ಇಟ್ಟಿಗೆಯನ್ನೂ ಅಲ್ಲಿ ಬೇಕೆಂದೇ ಇಟ್ಟದ್ದಾಗಿ 2015ರ ಸಂದರ್ಶನವೊಂದರಲ್ಲಿ ಮಿಯಾಮೊಟೊ ವಿವರಿಸಿದ್ದಾರೆ.

ಮುಂದೆ ಎದುರುಬದುರು ನಿಂತ ಎರಡು ಮೆಟ್ಟಿಲಸಾಲುಗಳು ಬರುತ್ತವೆ. ನಡುವೆ ನೆಲವಿದೆ, ಬಿದ್ದರೆ ಎದ್ದು ಮತ್ತೆ ಹತ್ತಬಹುದು. ಅದನ್ನು ದಾಟಿದೊಡನೆ ಅಂಥದೇ ಇನ್ನೊಂದು ಜೋಡಿ, ಈ ಬಾರಿ ನಡುವೆ ಪ್ರಪಾತ. ಕಾಲಿಗೆ ಜಿಗಿತದ ಅಳತೆ ಸಿಕ್ಕ ಮೇಲಷ್ಟೇ ಅಪಾಯ.

ನಮ್ಮೂರ ಬಾವಿಯಲ್ಲಿ ಸೊಂಟಕ್ಕೆ ಬೆಂಡು ಕಟ್ಟಿಕೊಂಡು ಈಜು ಕಲಿತದ್ದು ನೆನಪಾಯಿತು. ಆದರೆ ಆ ಬೆಂಡು ಎಲ್ಲರಿಗೂ ಕಾಣುತ್ತಿತ್ತು. ಕಟ್ಟೆಯ ಮೇಲೆ ನಿಂತ ಹುಡುಗರು ಕೇಕೆ ಹಾಕುತ್ತಿದ್ದರು. ಈ ಆಟದ ಬೆಂಡು ಯಾರಿಗೂ ಕಾಣುವುದಿಲ್ಲ, ಕಟ್ಟಿಕೊಂಡವನಿಗೂ.

ಈ ವ್ಯತ್ಯಾಸ ಸಣ್ಣದಲ್ಲ. ನಾನು ಕೆಲಸಕ್ಕೆ ಸೇರಿದ ಮೊದಲ ಶಾಲೆಯಲ್ಲಿ ಹಿಂದುಳಿದ ಮಕ್ಕಳಿಗೆಂದೇ ಗೋಡೆಯ ಬದಿಗೆ ಪ್ರತ್ಯೇಕ ಸಾಲೊಂದಿತ್ತು. ಅವರಿಗೆ ಹೆಚ್ಚಿನ ಗಮನ ಸಿಗಲೆಂಬ ಸದುದ್ದೇಶದ ಏರ್ಪಾಡು ಅದು. ಭಾಗಾಕಾರದಲ್ಲಿ ತೊಡಕಿದ್ದ ಹುಡುಗನೊಬ್ಬನನ್ನು ಅಲ್ಲಿ ಕೂರಿಸಿದರು. ಮೂರನೆಯ ವಾರ ಅವನು ಬರಲಿಲ್ಲ. ಮನೆಗೆ ಹೋಗಿ ವಿಚಾರಿಸಿದೆ. ‘ಲೆಕ್ಕ ಬರುತ್ತೆ ಸಾರ್, ಆ ಸಾಲಿಗೆ ಮಾತ್ರ ಬರೋದಿಲ್ಲ’ ಎಂದ. ಮತ್ತೆ ಶಾಲೆಯ ಮೆಟ್ಟಿಲು ಹತ್ತಲಿಲ್ಲ.

ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ಹಳೆಯ ಶಿಷ್ಯನೊಬ್ಬನಿಗೆ ಫೋನಿನಲ್ಲಿ ಇದನ್ನೆಲ್ಲ ಹೇಳಿದೆ. ಅವನು ಒಪ್ಪಲಿಲ್ಲ. ‘ಮೇಷ್ಟ್ರೇ, ಇದು ಒಂದು ಬಗೆಯ ಮೋಸ ಅಲ್ಲವೇ? ತಾನೇ ಕಂಡುಕೊಂಡೆ ಅಂತ ಮಗು ಹಿಗ್ಗುತ್ತದೆ, ದಾರಿಯೆಲ್ಲ ಮೊದಲೇ ಕಟ್ಟಿಟ್ಟದ್ದು’ ಎಂದ. ಕಟ್ಟಿಟ್ಟದ್ದು ನಿಜ, ಜಿಗಿದ ಕಾಲು ಮಗುವಿನದೇ ಅಲ್ಲವೇನಪ್ಪಾ ಎಂದೆ. ಮೋಸವೆನ್ನಬೇಕಾದರೆ 1986ರಲ್ಲಿ ಜಪಾನಿನಲ್ಲಿ ಬಂದ ಇದರ ಎರಡನೆಯ ಭಾಗವನ್ನು ಎನ್ನಬೇಕು. ಅದರ ಮೊದಲ ಹಂತದಲ್ಲೇ ವಿಷದ ಅಣಬೆಯಿದೆ. ಅಣಬೆ ಹಿತವೆಂಬ ಹಿಂದಿನ ಪಾಠವನ್ನು ನಂಬಿ ಮುಟ್ಟಿದವನೇ ಸಾಯುತ್ತಾನೆ. ಪಳಗಿದವರಿಗೆ ಅದು ಸವಾಲೆಂದು ಅವನ ವಾದ. ಮಕ್ಕಳನ್ನು ಸಿಕ್ಕಿಸಲೆಂದೇ ತೆಗೆದ ಪ್ರಶ್ನೆಪತ್ರಿಕೆಯೆಂದು ನನ್ನದು. ಅಮೆರಿಕದ ಮಕ್ಕಳಿಗೆ ಅದು ತೀರಾ ಕಠಿಣವೆಂದು ಅಲ್ಲಿ ಅದೇ ಹೆಸರಿನಲ್ಲಿ ಬೇರೊಂದು ಆಟವನ್ನೇ 1988ರಲ್ಲಿ ಕೊಟ್ಟರು.

ವಾದ ಮುಗಿದಿಲ್ಲ. ಹಬ್ಬಕ್ಕೆ ಊರಿಗೆ ಬರುವವನಿದ್ದಾನೆ. ಮೊದಲ ಆಟದ ಎರಡನೆಯ ಹಂತದಲ್ಲಿ ನೆಲಮಾಳಿಗೆಯ ಚಾವಣಿಯ ಮೇಲೇರಿ ಓಡಿದರೆ ಮುಂದಿನ ಲೋಕಗಳಿಗೆ ಹಾರುವ ಕಳ್ಳದಾರಿ ಸಿಗುತ್ತದಂತೆ. ಅದನ್ನು ಇಟ್ಟವರ ಉದ್ದೇಶವೇನೆಂದು ನನ್ನನ್ನು ಕೇಳುತ್ತಾನಂತೆ.