ಇದು ನಮ್ಮ ಕುಮಟೆಯ ಸಮುದ್ರವಲ್ಲ

ಸಲಹೆ ಕೊಡುವುದು ಗುರುಗಳಾದ ನಮಗೆ ಬಹು ಸುಲಭವಾಗಿ ಅಂಟಿಕೊಳ್ಳುವ ಅಭ್ಯಾಸ. ಗುರುಮಠದಲ್ಲಿ ಕಲಿತ ದೈವಶಾಸ್ತ್ರ, ಮನೆಭೇಟಿಗಳಲ್ಲಿ ಕೇಳಿದ ನೂರಾರು ಸುಖದುಃಖದ ಮಾತುಗಳು, ಇವೆರಡೂ ಸೇರಿ ಎಲ್ಲ ಮನೆಗಳ ಒಳಗೂ ನಮಗೆ ಗೊತ್ತಿದೆ ಎಂಬ ಭ್ರಮೆಯನ್ನು ಹುಟ್ಟಿಸುತ್ತವೆ. ನಾನು ಪೂರ್ಣ ವಿಶ್ವಾಸದಿಂದ ಕೊಟ್ಟ ಒಂದು ಸಲಹೆಯನ್ನು ಒಬ್ಬ ತಾಯಿ ಪಾಲಿಸಲಿಲ್ಲ. ಅದಕ್ಕಾಗಿ ಇಂದು ನಾನು ದೇವರಿಗೆ ಕೃತಜ್ಞನಾಗಿದ್ದೇನೆ. ಆ ತಾಯಿಯ ಮತ್ತು ಅವರ ಮಗನ ಅನುಮತಿ ಪಡೆದು ಇದನ್ನು ಬರೆಯುತ್ತಿದ್ದೇನೆ, ಹೆಸರುಗಳನ್ನು ಬಿಟ್ಟಿದ್ದೇನೆ.

ಅವರ ಪತಿ ಯಲ್ಲಾಪುರ ತಾಲ್ಲೂಕಿನ ಪ್ರಾಥಮಿಕ ಶಾಲೆಗಳಲ್ಲಿ ಮೂವತ್ತಕ್ಕೂ ಹೆಚ್ಚು ವರ್ಷ ಮಾಸ್ತರರಾಗಿದ್ದವರು. ಆ ತಾಯಿಯ ತವರು ಸಿದ್ದಾಪುರ. ನಿವೃತ್ತಿಯ ನಂತರ ಶಿರಸಿಯಲ್ಲಿ ಒಂದು ಚಿಕ್ಕ ಮನೆ ಕಟ್ಟಿಕೊಂಡು ನೆಲೆಸಿದರು. ಬೆಳಗಿನ ಪೂಜೆಗೆ ಬಿಳಿಯ ಅಂಗಿ ತೊಟ್ಟು, ಕೈಯಲ್ಲಿ ಕೊಡೆ ಹಿಡಿದು, ಗಂಟೆ ಬಾರಿಸುವ ಮೊದಲೇ ಬಂದು ಎರಡನೆಯ ಸಾಲಿನ ಬೆಂಚಿನ ತುದಿಯಲ್ಲಿ ಮಾಸ್ತರರು ಕುಳಿತಿರುತ್ತಿದ್ದರು. ಒಬ್ಬನೇ ಮಗ ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಸ್ಯಾನ್ ಹೋಸೆ ನಗರದಲ್ಲಿ ಇಂಜಿನಿಯರ್.

ಮಾಸ್ತರರಿಗೆ ಮರೆವು ಆರಂಭವಾದದ್ದು ಯಾರಿಗೂ ತಿಳಿಯದಂತೆ. ವಾಚನ ಓದುತ್ತಿದ್ದಾಗ ಒಂದು ಭಾನುವಾರ ಅದೇ ಸಾಲನ್ನು ಮೂರು ಬಾರಿ ಓದಿದರು. ಇನ್ನೊಮ್ಮೆ ಕನ್ನಡಕವನ್ನು ಅಕ್ಕಿಯ ಡಬ್ಬಿಯಲ್ಲಿಟ್ಟು ದಿನವಿಡೀ ಹುಡುಕಿದರು. ‘ಅರವತ್ತಕ್ಕೆ ಅರಳು ಮರಳು’ ಎಂದು ನಾವೆಲ್ಲ ನಕ್ಕೆವು. ಅದು ವಯಸ್ಸಿನ ಸಹಜ ಮರೆವಲ್ಲ, ಮಿದುಳಿನ ಕಾಯಿಲೆ ಎಂದು ವೈದ್ಯರು ಹೇಳುವ ಹೊತ್ತಿಗೆ ಎರಡು ವರ್ಷಗಳು ಕಳೆದಿದ್ದವು. ಡಿಮೆನ್ಷಿಯಾ ಎಂದು ಕರೆಯುವ ಈ ಕಾಯಿಲೆಯ ರೂಪಗಳಲ್ಲಿ ಅಲ್ಜೈಮರ್ ಹೆಚ್ಚು ಸಾಮಾನ್ಯವಾದುದು. 2023ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಅಂದಾಜಿನಂತೆ ನಮ್ಮ ದೇಶದಲ್ಲಿ 60 ವರ್ಷ ಮೀರಿದವರಲ್ಲಿ ಸುಮಾರು 88 ಲಕ್ಷ ಮಂದಿಗೆ, ಅಂದರೆ ಶೇಕಡಾ 7.4ರಷ್ಟು ಜನರಿಗೆ ಈ ತೊಂದರೆ ಇದೆ. ಪ್ರತಿಯೊಂದು ಧರ್ಮಕೇಂದ್ರದಲ್ಲಿಯೂ ಇಂಥ ಕೆಲವು ಮನೆಗಳು ಇರಲೇಬೇಕು. ನಾವು ಅವುಗಳನ್ನು ಗುರುತಿಸುವುದಿಲ್ಲ, ಅಷ್ಟೆ.

2023ರ ಆಗಸ್ಟ್ ತಿಂಗಳಲ್ಲಿ ಮಗ ತಂದೆತಾಯಿಯರನ್ನು ತನ್ನಲ್ಲಿಗೆ ಕರೆಸಿಕೊಂಡ. ಆರು ತಿಂಗಳು ಇರಲಿ, ಆಮೇಲೆ ಅಲ್ಲಿಯೇ ನೆಲೆಸುವ ದಾರಿ ನೋಡೋಣ ಎಂಬುದು ಅವನ ಆಸೆ. ಹೊರಡುವ ಮುನ್ನ ಆ ತಾಯಿ ನನ್ನನ್ನು ಕೇಳಿದರು: “ಫಾದರ್, ಅಲ್ಲೇ ಉಳಿಯೋದು ಒಳ್ಳೇದಾ?” ನಾನು ಒಂದು ಕ್ಷಣವೂ ಯೋಚಿಸಲಿಲ್ಲ. “ಉಳಿದುಬಿಡಿ ಬಾಯಿ. ಒಳ್ಳೆಯ ಆಸ್ಪತ್ರೆ, ಪಕ್ಕದಲ್ಲಿ ಮಗ. ದೇವರು ಅಲ್ಲಿಯೂ ಇದ್ದಾನೆ” ಎಂದೆ. ನನ್ನ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ.

ಮಗನ ಮನೆ ದೊಡ್ಡದು, ಸ್ವಚ್ಛವಾದದ್ದು. ಆದರೆ ಎಲ್ಲ ಬಾಗಿಲುಗಳೂ ಒಂದೇ ಬಣ್ಣದವು. ರಾತ್ರಿ ಎದ್ದರೆ ಮಾಸ್ತರರಿಗೆ ಬಚ್ಚಲುಮನೆ ಸಿಗುತ್ತಿರಲಿಲ್ಲ. ಪ್ರತಿದಿನ ಸಂಜೆ ಆರು ಗಂಟೆಯ ಹೊತ್ತಿಗೆ ಬಿಳಿಯ ಅಂಗಿ ತೊಟ್ಟು ಹೊರಬಾಗಿಲ ಬಳಿ ನಿಲ್ಲುತ್ತಿದ್ದರು: “ಪೂಜೆಗೆ ಹೊತ್ತಾಯಿತು.” ಅವರ ಪತ್ನಿ ಲೆಕ್ಕ ಹಾಕಿ ನೋಡಿದರಂತೆ. ಆ ತಿಂಗಳುಗಳಲ್ಲಿ ಕ್ಯಾಲಿಫೋರ್ನಿಯಾ ನಮಗಿಂತ ಹನ್ನೆರಡೂವರೆ ತಾಸು ಹಿಂದೆ. ಅಲ್ಲಿ ಸಂಜೆ ಆರಾದಾಗ ಶಿರಸಿಯಲ್ಲಿ ಮರುದಿನ ಬೆಳಗಿನ ಆರೂವರೆ. ಸಂಜೆಯಾದೊಡನೆ ಚಡಪಡಿಕೆ ಹೆಚ್ಚುವುದು ಈ ಕಾಯಿಲೆಯಲ್ಲಿ ಸಾಮಾನ್ಯ ಎಂದು ವೈದ್ಯರು ಹೇಳುತ್ತಾರೆ. ಇರಬಹುದು. ಆ ತಾಯಿಗೆ ಮಾತ್ರ ಪ್ರತಿ ಸಂಜೆ ಆರು ಗಂಟೆಗೆ ನಮ್ಮ ದೇವಾಲಯದ ಗಂಟೆ ಕೇಳಿಸಿದಂತಾಗುತ್ತಿತ್ತಂತೆ.

ತಂದೆಯ ಮನಸ್ಸು ಹಗುರವಾಗಲೆಂದು ಸೆಪ್ಟೆಂಬರಿನಲ್ಲಿ ಮಗ ಮೂರು ದಿನ ರಜೆ ಹಾಕಿ ಪೆಸಿಫಿಕ್ ಕರಾವಳಿಗೆ ಇಬ್ಬರನ್ನೂ ಕರೆದುಕೊಂಡು ಹೋದ. ಇದು ಆ ದಂಪತಿಯ ಬದುಕಿನ ಎರಡನೆಯ ವಿಹಾರಯಾತ್ರೆ. ಮೊದಲನೆಯದು ಮದುವೆಯ ಮರುವಾರ ನಡೆದದ್ದು. ಶಿರಸಿಯಿಂದ ದೇವಿಮನೆ ಘಟ್ಟ ಇಳಿದು ಬಸ್ಸಿನಲ್ಲಿ ಕುಮಟೆಗೆ ಹೋಗಿ, ಸಂಜೆಯವರೆಗೆ ಸಮುದ್ರ ನೋಡಿ, ಮರುದಿನ ಮರಳಿದ್ದರು. ಕೇವಲ ಅರವತ್ತು ಕಿಲೋಮೀಟರು ದೂರದ ಆ ಕಡಲನ್ನು ಜೊತೆಯಾಗಿ ಮತ್ತೊಮ್ಮೆ ನೋಡಲು ಮಕ್ಕಳ ಪರೀಕ್ಷೆ, ಮನೆಯ ಸಾಲ, ಮುದುಕರ ಆರೈಕೆ ಅವರಿಗೆ ಬಿಡುವು ಕೊಟ್ಟಿರಲಿಲ್ಲ.

ಸಾಂತಾ ಕ್ರೂಸ್, ಮಾಂಟೆರೆ ದಾಟಿ ಕಾರ್ಮೆಲ್ ಎಂಬ ಚಿಕ್ಕ ಊರನ್ನು ತಲುಪಿದಾಗ ಸಂಜೆಯಾಗಿತ್ತು. ಬಿಳಿಯ ಮರಳು, ಗಾಳಿಗೆ ಬಾಗಿದ ಮರಗಳು, ಕಡಲಿಗಿಳಿಯುತ್ತಿರುವ ಸೂರ್ಯ. ಮಾಸ್ತರರ ಮುಖ ಅರಳಿತು. ಪತ್ನಿಯ ಕೈ ಹಿಡಿದು, “ಕುಮಟೆ ಬಂತಲ್ಲ! ಕೊನೆಯ ಬಸ್ಸು ಎಷ್ಟು ಹೊತ್ತಿಗೆ?” ಎಂದು ಕೇಳಿದರು. ಅವರ ತಪ್ಪು ಅಂಥ ದೊಡ್ಡ ತಪ್ಪೇನಲ್ಲ. ನಮ್ಮದೂ ಪಡುವಣ ಕರಾವಳಿ, ಅದೂ ಪಡುವಣ ಕರಾವಳಿ. ಎರಡೂ ಕಡೆ ಸೂರ್ಯ ನೀರಿನಲ್ಲಿಯೇ ಮುಳುಗುತ್ತಾನೆ. ಆ ತಾಯಿ ತಿದ್ದಲಿಲ್ಲ. “ಇನ್ನೂ ಹೊತ್ತಿದೆ” ಎಂದರು.

ಮಾಸ್ತರರು ಚಪ್ಪಲಿ ಬಿಟ್ಟು ನೀರಿಗೆ ಕಾಲಿಟ್ಟರು. ಮರುಕ್ಷಣವೇ ಬೆಚ್ಚಿ ಹಿಂದಕ್ಕೆ ಬಂದರು. ಉತ್ತರದಿಂದ ಹರಿದುಬರುವ ಶೀತಪ್ರವಾಹ ಮತ್ತು ಆಳದಿಂದ ಮೇಲೇಳುವ ತಣ್ಣೀರಿನ ಕಾರಣ ಅಲ್ಲಿಯ ಕಡಲು ಬೇಸಿಗೆಯ ಕೊನೆಯಲ್ಲಿಯೂ ಸುಮಾರು ಹದಿನೈದು ಡಿಗ್ರಿಗಳಷ್ಟೇ ಇರುತ್ತದೆ. ನಮ್ಮ ಅರಬ್ಬೀ ಸಮುದ್ರದ ನೀರು ಇಪ್ಪತ್ತೆಂಟರ ಆಸುಪಾಸು. ಮಾಸ್ತರರು ಬಹಳ ಹೊತ್ತು ಸುಮ್ಮನೆ ನಿಂತು, ಕೊನೆಗೆ ಹೇಳಿದರು: “ಇದು ನಮ್ಮ ಕುಮಟೆಯ ಸಮುದ್ರ ಅಲ್ಲ. ನಾವು ಮನೆಗೆ ಹೋಗೋಣ.”

ಕಣ್ಣು ಮರೆತದ್ದನ್ನು ಕಾಲು ನೆನಪಿಟ್ಟುಕೊಂಡಿತ್ತು.

ಮರುದಿನ ಬೆಳಿಗ್ಗೆ ಅದೇ ಊರಿನ ಹಳೆಯ ದೇವಾಲಯಕ್ಕೆ ಹೋದರು. ಸಂತ ಹುನಿಪೆರೊ ಸೆರ್ರಾರವರ ಸಮಾಧಿ ಅಲ್ಲಿದೆ. ಸ್ಪೇನ್ ದೇಶದ ಮಯೋರ್ಕಾ ದ್ವೀಪದ ಈ ಫ್ರಾನ್ಸಿಸ್ಕನ್ ಗುರು 1749ರಲ್ಲಿ ಊರು ಬಿಟ್ಟವರು ಮತ್ತೆ ಮರಳಲೇ ಇಲ್ಲ. 1769ರಿಂದ ಕ್ಯಾಲಿಫೋರ್ನಿಯಾದ ಕರಾವಳಿಯುದ್ದಕ್ಕೂ ಒಂಬತ್ತು ಧರ್ಮಪ್ರಸಾರ ಕೇಂದ್ರಗಳನ್ನು ಸ್ಥಾಪಿಸಿ 1784ರಲ್ಲಿ ಅಲ್ಲಿಯೇ ತೀರಿಕೊಂಡರು. 2015ರ ಸೆಪ್ಟೆಂಬರ್ 23ರಂದು ಜಗದ್ಗುರು ಪೋಪ್ ಫ್ರಾನ್ಸಿಸ್‌ರವರು ವಾಷಿಂಗ್ಟನ್‌ನಲ್ಲಿ ಅವರಿಗೆ ಸಂತ ಪದವಿ ನೀಡಿದರು. ಆ ಕೇಂದ್ರಗಳಲ್ಲಿ ಮೂಲನಿವಾಸಿಗಳು ಪಟ್ಟ ಪಾಡಿನ ಬಗ್ಗೆ ನೋವಿನ ಚರ್ಚೆ ಆಗಲೂ ನಡೆಯಿತು, ಈಗಲೂ ನಡೆಯುತ್ತಿದೆ.

ಆ ತಾಯಿ ಈ ಭೇಟಿಯನ್ನು ವಿವರಿಸುತ್ತಿದ್ದಾಗ ನನ್ನ ತಪ್ಪಿನ ಬೇರು ಎಲ್ಲಿದೆ ಎಂಬುದು ನನಗೆ ಹೊಳೆಯಿತು. ನಾವು ಗುರುಗಳು. ವರ್ಗಾವಣೆಯೇ ನಮ್ಮ ಬದುಕು. ಧರ್ಮಾಧ್ಯಕ್ಷರ ಪತ್ರ ಬಂದರೆ ಒಂದು ಟ್ರಂಕು, ನಾಲ್ಕು ಪುಸ್ತಕ ಹಿಡಿದು ಹೊರಡುತ್ತೇವೆ. ಎಲ್ಲಿ ಪೀಠವಿದೆಯೋ ಅದೇ ನಮ್ಮ ಮನೆ. ಸೆರ್ರಾರವರಂತೆ ಮರಳಿ ಬರುವ ದಾರಿಯನ್ನು ಬಿಟ್ಟುಕೊಡುವುದು ನಾವು ನಾವಾಗಿಯೇ ಆರಿಸಿಕೊಂಡ ತ್ಯಾಗ. ಈ ಅಳತೆಗೋಲನ್ನೇ ನಾನು ಮಾಸ್ತರರ ಮೇಲೂ ಇಟ್ಟಿದ್ದೆ. ಆಯ್ಕೆ ಮಾಡುವ ಶಕ್ತಿಯನ್ನೇ ಕಳೆದುಕೊಳ್ಳುತ್ತಿರುವ ಒಬ್ಬ ವೃದ್ಧರಿಂದ, ನನಗೆ ಸುಲಭವಾದ ತ್ಯಾಗವನ್ನು ನಾನು ಕೇಳಿದ್ದೆ.

ಕಾರ್ಮೆಲ್‌ನಿಂದ ಮುಂದೆ ಸಮುದ್ರದಂಚಿನ ಬೆಟ್ಟಗಳನ್ನು ಕೊರೆದು ಮಾಡಿದ ರಸ್ತೆ ದಕ್ಷಿಣಕ್ಕೆ ಸಾಗುತ್ತದೆ. 1932ರಲ್ಲಿ ಕಟ್ಟಿದ ಬಿಕ್ಸ್‌ಬಿ ಸೇತುವೆಯನ್ನು ದಾಟಿ ಬಿಗ್ ಸರ್ ಎಂಬಲ್ಲಿಗೆ ಹೋದರು. ಅಲ್ಲಿಂದಾಚೆ ಆ ವರ್ಷದ ಜನವರಿಯ ಮಳೆಗೆ ಗುಡ್ಡ ಜಾರಿ ರಸ್ತೆ ಮುಚ್ಚಿತ್ತು. ಗುಡ್ಡ ಜಾರುವುದು ನಮಗೆ ಹೊಸದಲ್ಲ. 2021ರ ಜುಲೈಯಲ್ಲಿ ಯಲ್ಲಾಪುರದ ಅರಬೈಲ್ ಘಟ್ಟದಲ್ಲಿ, ಕಳಚೆಯಲ್ಲಿ ನೋಡಿದ್ದೇವೆ. 2024ರ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ ಜೀವಗಳನ್ನೂ ಕಳೆದುಕೊಂಡೆವು. ಮಗ ಕಾರು ನಿಲ್ಲಿಸಿ, “ಇನ್ನು ಮುಂದೆ ದಾರಿ ಇಲ್ಲ, ಹಿಂದಿರುಗೋಣ” ಎಂದ. ಆಗ ಆ ತಾಯಿ ಅಲ್ಲಿಯೇ ಅವನಿಗೆ ಹೇಳಿದರು: “ಹಾಗಾದ್ರೆ ಪೂರ್ತಿ ಹಿಂದಿರುಗೋಣ ಮಗಾ. ನಿನ್ನ ಅಪ್ಪನಿಗೆ ಇಲ್ಲಿ ಯಾವ ದಾರಿಯೂ ಗೊತ್ತಿಲ್ಲ.” ಮಗ ಸ್ಟೀರಿಂಗ್ ಮೇಲೆ ತಲೆಯಿಟ್ಟು ಅತ್ತನಂತೆ. ಅವನ ಪ್ರೀತಿಯಲ್ಲಿ ಯಾವ ಕೊರತೆಯೂ ಇರಲಿಲ್ಲ. ಈ ಮಾತನ್ನು ನಾನು ಸ್ಪಷ್ಟವಾಗಿ ಬರೆಯಬೇಕು.

ಅಕ್ಟೋಬರಿನಲ್ಲಿ ಮಗನೇ ಜೊತೆಗೆ ಬಂದ. ಬೆಂಗಳೂರಿನಲ್ಲಿ ವಿಮಾನ ಇಳಿದು ರಾತ್ರಿಯ ರೈಲಿನಲ್ಲಿ ತಾಳಗುಪ್ಪಕ್ಕೆ ಬಂದರು. ಅದು ಆ ಹಳಿಯ ಕೊನೆಯ ನಿಲ್ದಾಣ. ಅಲ್ಲಿಂದ ಬಾಡಿಗೆ ಕಾರಿನಲ್ಲಿ ಹೊರಟಾಗ ಮಾಸ್ತರರು ಕಿಟಕಿಯ ಗಾಜು ಇಳಿಸಿದರು. ಸಿದ್ದಾಪುರ ಬರುತ್ತಿದ್ದಂತೆ, “ನಿನ್ನ ತವರು ಬಂತು, ಸೆರಗು ಸರಿ ಮಾಡ್ಕೋ” ಎಂದು ಪತ್ನಿಗೆ ಹೇಳಿದರು. ಅಡಿಕೆ ತೋಟಗಳನ್ನು ದಾಟುತ್ತ ಒಂದೊಂದು ತಿರುವನ್ನೂ ಡ್ರೈವರನಿಗಿಂತ ಮೊದಲೇ ಕೈ ತೋರಿಸಿದರು. ಶಿರಸಿಯ ಪೇಟೆಯಲ್ಲಿ ತರಕಾರಿ ಮಾರುವ ಹೆಂಗಸು, “ಮಾಸ್ತರೇ, ಯಾವಾಗ ಬಂದ್ರಿ?” ಎಂದು ಕೂಗಿದಳು. ಮನೆಗೆ ಬಂದವರೇ ನೇರವಾಗಿ ಹಿತ್ತಿಲಿಗೆ ಹೋಗಿ ಬಾವಿಯಿಂದ ನೀರು ಸೇದಿ ಕಾಲು ತೊಳೆದುಕೊಂಡರು.

ಕಥೆಯನ್ನು ಇಲ್ಲಿಗೇ ನಿಲ್ಲಿಸಿದರೆ ಕೇಳಲು ಚೆನ್ನಾಗಿರುತ್ತದೆ. ಆದರೆ ಕಾಯಿಲೆ ನಿಲ್ಲಲಿಲ್ಲ. ಮರುವರ್ಷ ಒಂದು ಬೆಳಿಗ್ಗೆ ಮಾಸ್ತರರು ಕೊಡೆ ಹಿಡಿದು ಹೋದವರು ದೇವಾಲಯಕ್ಕೆ ಬರಲಿಲ್ಲ. ಬಸ್ ನಿಲ್ದಾಣಕ್ಕೆ ಹೋಗಿ ಯಲ್ಲಾಪುರದ ಬಸ್ಸು ಹತ್ತಿದ್ದರು. ಶಾಲೆಗೆ ಹೊತ್ತಾಗಿದೆ ಎಂದುಕೊಂಡಿದ್ದರು. ಕಂಡಕ್ಟರ್ ಸಿದ್ದಿ ಸಮುದಾಯದ ಯುವಕ, ಅವರ ಹಳೆಯ ವಿದ್ಯಾರ್ಥಿ. ಅವನು ಮನೆಗೆ ಫೋನ್ ಮಾಡಿ ತಿಳಿಸಿ, ಅವರನ್ನು ತನ್ನ ಪಕ್ಕದ ಸೀಟಿನಲ್ಲಿ ಕೂರಿಸಿಕೊಂಡು, ಯಲ್ಲಾಪುರದಲ್ಲಿ ಚಹಾ ಕುಡಿಸಿ, ಅದೇ ಬಸ್ಸಿನಲ್ಲಿ ವಾಪಸು ಕರೆತಂದ. ನಾನು ಅವನಿಗೆ ಧನ್ಯವಾದ ಹೇಳಿದಾಗ ಅವನೆಂದ: “ಇಳೀರಿ ಅಂತ ಹೇಳಬಹುದಿತ್ತು ಫಾದರ್. ಆದ್ರೆ ಜನರ ಎದುರಿಗೆ ಮಾಸ್ತರಿಗೆ ಅವಮಾನ ಆಗ್ತಿತ್ತು. ಕೇಳಿದ ಟಿಕೆಟ್ ಕೊಟ್ಟೆ.”

ಇನ್ನೊಂದು ಪಾಠ ನನಗೆ ಆ ತಾಯಿಯಿಂದ ಬಂತು. ಒಂದು ಭಾನುವಾರ ಪೂಜೆಯ ನಂತರ, “ಬಾಯಿ, ನೀವು ನಿಜಕ್ಕೂ ಸಂತಳು” ಎಂದೆ. ಅವರು ನನ್ನನ್ನು ನೇರವಾಗಿ ನೋಡಿ, “ನನಗೆ ಹೊಗಳಿಕೆ ಬೇಡ ಫಾದರ್. ವಾರಕ್ಕೆ ಎರಡು ತಾಸು ನಿದ್ದೆ ಬೇಕು” ಎಂದರು. ನಾಚಿಕೆಯಿಂದ ನನಗೆ ಮಾತು ಹೊರಡಲಿಲ್ಲ. ಆ ವಾರವೇ ನಮ್ಮ ಕಿರು ಕ್ರೈಸ್ತ ಸಮುದಾಯದ ಸಭೆಯಲ್ಲಿ ವಿಷಯವಿಟ್ಟೆ. ಆರು ಕುಟುಂಬಗಳು ಸರದಿ ಹಂಚಿಕೊಂಡವು. ಬುಧವಾರ ಮತ್ತು ಶನಿವಾರ ಮಧ್ಯಾಹ್ನ ಯಾರಾದರೂ ಒಬ್ಬರು ಮಾಸ್ತರರ ಜೊತೆ ಕುಳಿತುಕೊಳ್ಳುತ್ತಾರೆ. ಮಕ್ಕಳು ಮಗ್ಗಿ ಒಪ್ಪಿಸುತ್ತಾರೆ. ತಪ್ಪಿದರೆ ಅವರು ಈಗಲೂ ತಿದ್ದುತ್ತಾರೆ.

ಹಿರಿಯರೆಲ್ಲರೂ ಹುಟ್ಟೂರಿಗೆ ಮರಳಲೇಬೇಕು ಎಂದು ನಾನು ಹೇಳುತ್ತಿಲ್ಲ. ಮಕ್ಕಳ ಮನೆಯಲ್ಲಿ ಸುಖವಾಗಿರುವವರನ್ನೂ ಬಲ್ಲೆ. ಊರಿನಲ್ಲಿಯೇ ಒಂಟಿಯಾಗಿ ಬಾಡಿದವರನ್ನೂ ಬಲ್ಲೆ. ತನ್ನನ್ನು ನೆನಪಿಟ್ಟುಕೊಂಡವರು ಇರುವ ಸ್ಥಳವೇ ಮರೆತ ಮನುಷ್ಯನ ಮನೆ. ಅದು ಶಿರಸಿಯಲ್ಲಿಯೂ ಇರಬಹುದು, ಸ್ಯಾನ್ ಹೋಸೆಯಲ್ಲಿಯೂ ಇರಬಹುದು. ತಾಯಿ ತನ್ನ ಮಗುವನ್ನು ಮರೆತರೂ ತಾನು ಮರೆಯೆನೆಂಬ ದೇವರ ವಾಗ್ದಾನವನ್ನು ಪ್ರವಾದಿ ಯೆಶಾಯನ ಗ್ರಂಥದಲ್ಲಿ ಓದುತ್ತೇವೆ. ಆ ವಾಗ್ದಾನ ಒಬ್ಬ ಮಾಸ್ತರರನ್ನು ಮುಟ್ಟಿದ್ದು ತರಕಾರಿ ಮಾರುವವಳ ಕೂಗಿನ ಮೂಲಕ, ಕಂಡಕ್ಟರನ ಟಿಕೆಟ್ಟಿನ ಮೂಲಕ.

ಮಾಸ್ತರರಿಗೆ ಈಗ ನನ್ನ ಹೆಸರು ನೆನಪಿಲ್ಲ. ಆದರೆ ಪರಮಪ್ರಸಾದವನ್ನು ಎತ್ತಿ ಹಿಡಿದಾಗ ಅವರ ಕೈಗಳು ತಾವಾಗಿಯೇ ಜೋಡಿಸಿಕೊಳ್ಳುತ್ತವೆ. ಯೇಸುಸ್ವಾಮಿ ತನ್ನ ನೆನಪಿಗಾಗಿ ಮಾಡಿರೆಂದು ಹೇಳಿದ ಪೂಜೆಯನ್ನು ನಾನು ಮಾಸ್ತರರ ಎದುರು ಅರ್ಪಿಸುವಾಗ, ಅವರ ಪಾಲಿನ ನೆನಪನ್ನೂ ನಾವೆಲ್ಲ ಸೇರಿ ಹೊರಬೇಕಾಗಿದೆ ಎನಿಸುತ್ತದೆ.

2021ರಲ್ಲಿ ಪೋಪ್ ಫ್ರಾನ್ಸಿಸ್‌ರವರು ಜುಲೈ ತಿಂಗಳ ನಾಲ್ಕನೆಯ ಭಾನುವಾರವನ್ನು ಅಜ್ಜಅಜ್ಜಿಯರ ಮತ್ತು ಹಿರಿಯರ ದಿನವೆಂದು ಸಾರಿದರು. ಆ ದಿನ ಹೂ ಕೊಟ್ಟು ಫೋಟೋ ತೆಗೆಸಿಕೊಳ್ಳುವುದು ಒಳ್ಳೆಯದೇ. ಪ್ರಿಯ ಓದುಗರೇ, ಅದಕ್ಕೂ ಮೊದಲು ಈ ವಾರವೇ ನಿಮ್ಮ ಕೇರಿಯ ಅಂಥ ಒಂದು ಮನೆಯ ಬಾಗಿಲು ತಟ್ಟಿರಿ. ಸಲಹೆ ಕೊಡಬೇಡಿರಿ, ಅದನ್ನು ನಾನು ಬೇಕಾದಷ್ಟು ಕೊಟ್ಟಿದ್ದೇನೆ. ಎರಡು ತಾಸು ಕುಳಿತುಕೊಂಡು ಬನ್ನಿರಿ.